ಕಿರುಬೆರಳು

ಬೆಳಿಗ್ಗೆ ಎಡಗೈ ಉಂಗುರಬೆರಳು.
ತಿಂಡಿಯಾಗಿ ಎರಡು ತಾಸಿಗೆ ಅದರ ಪಕ್ಕದ್ದು.
ಕಿರುಬೆರಳನ್ನು ಉಳಿಸಿಕೊಂಡಿದ್ದೇನೆ,
ಯಾಕೆ ಅಂದರೆ ಗೊತ್ತಿಲ್ಲ.

ಫ್ರಿಜ್ಜಿನ ಬಾಗಿಲಲ್ಲಿ
ಮೊಟ್ಟೆಗಳ ಸಾಲಿನ ಕೊನೆಗೆ ಇನ್ಸುಲಿನ್ ಪೆನ್ನು.
ಯಶೋಧರ ಚೀಟಿ ಅಂಟಿಸಿದ್ದಾನೆ: ಬರೆಯಲು ಅಲ್ಲ.
ಅವನ ಹೋಟೆಲು ಮುಚ್ಚಿ ನಲವತ್ತು ದಿನ,
ಬಾಯಿ ಮಾತ್ರ ಇನ್ನೂ ತೆರೆದಿದೆ.

ಐದಕ್ಕೆ ನರ್ಸಮ್ಮನ ಫೋನು.
ಮಗ್ಗಿ ತಪ್ಪಿದವಳ ಹಾಗೆ ಒಪ್ಪಿಸುತ್ತೇನೆ:
ನೂರಾ ಮೂವತ್ತೆಂಟು.
ಏನು ತಿಂದಿರಿ?
ಅರ್ಧ ಖರ್ಜೂರ, ಸಿಸ್ಟರ್.
ಉಳಿದರ್ಧ ಹೇಳಲಿಲ್ಲ.

ಉಂಡ ಮೇಲೆ ನಡೆಯಬೇಕಂತೆ.
ಒಲೆಯಿಂದ ಬಾಲ್ಕನಿಗೆ ಹದಿನೇಳು ಹೆಜ್ಜೆ,
ಹೊಟ್ಟೆ ಬೆಳೆದಂತೆ ಹತ್ತೊಂಬತ್ತು.
ಕೆಳಗೆ ಬಸ್ಸಿಲ್ಲದ ರೂವಿ ರಸ್ತೆ,
ಎದುರಿಗೆ ಬೋಳು ಗುಡ್ಡ,
ಕವುಚಿಟ್ಟ ಬಾಣಲೆಯಂತೆ ಕಾದದ್ದು.
ಒಳಗಿನಿಂದ ಒಂದು ಒದೆತ.
ಅದರ ಲೆಕ್ಕ ಬೇರೆ ಪುಸ್ತಕದಲ್ಲಿ.

ವೀಡಿಯೊದಲ್ಲಿ ಅಮ್ಮ ಹಾಲುಬಾಯಿ ಕೊಯ್ದು ತೋರಿಸಿದಳು.
ಬಯಕೆ ಉಳಿಸಿಕೊಳ್ಳಬಾರದು,
ಕಣ್ಣಲ್ಲಾದರೂ ತಿನ್ನು ಮಗಾ.
ತಿಂದೆ.
ಮೀಟರಿಗೆ ಗೊತ್ತಾಗಲಿಲ್ಲ.

ಸ್ಟ್ರಿಪ್ ಮುಗಿಯಿತು. ಔಷಧಿ ಅಂಗಡಿಯವ
ನಾಳೆ ಅಂದ, ಮತ್ತೆ ನಾಳೆ ಅಂದ.
ಸಂಜೆ ಮೇಲಿನ ಬಾಲ್ಕನಿಯಿಂದ
ಬಟ್ಟೆ ಹಗ್ಗ ಕಟ್ಟಿದ ಬುಟ್ಟಿಯೊಂದು
ತೂಗುತ್ತ, ಗೋಡೆಗೆ ತಾಗುತ್ತ ಇಳಿಯಿತು.
ಇದ್ರೀಸ್ ಮೇಷ್ಟ್ರು, ಸೂಡಾನಿನವರು;
ಇಪ್ಪತ್ತು ವರ್ಷದ ಸಕ್ಕರೆ ಅವರದ್ದು.
ಮುಖ ಕಾಣಲಿಲ್ಲ, ಮಾಸ್ಕು, ಕೈ ಮಾತ್ರ.
ಡಬ್ಬಿಯಲ್ಲಿ ಹನ್ನೊಂದು ಪಟ್ಟಿ,
ಒಡೆದ ಹಿಂದಿಯಲ್ಲಿ ಕೂಗಿದರು:
ನಾನು ದಿನ ಬಿಟ್ಟು ದಿನ ನೋಡಿಕೊಂಡರಾಯಿತು,
ನೀವು ಇಬ್ಬರು.

ಬರಿಬುಟ್ಟಿ ಹತ್ತಿಸಬಾರದೆಂದು
ಯಶೋಧರ ಎರಡು ಹಾಗಲಕಾಯಿ ಇಟ್ಟ.

ಮೊದಲ ಪಟ್ಟಿಗೆ
ಕಿರುಬೆರಳು ಕೊಟ್ಟೆ.