ನಲವತ್ತೊಂದನೇ ಬುಟ್ಟಿ

ಪಾಲಾದ ದಿನ ಮರಳನ್ನೂ ಅಳೆದರು.
ಬಾಣಲೆ ಎರಡು, ಜರಡಿ ನಾಲ್ಕು, ತಕ್ಕಡಿ ಒಂದೇ ಒಂದು,
ಅದನ್ನು ಮಾರಿ ದುಡ್ಡು ಹಂಚಿಕೊಂಡರು.
ಹರಿಹರದ ಹೊಳೆಯಿಂದ ನನ್ನ ಅಬ್ಬಾ, ನಿನ್ನ ಅಬ್ಬಾ
ಒಂದೇ ಗಾಡಿಯಲ್ಲಿ ತಂದು
ಹದಿನೆಂಟು ವರ್ಷ ಹುರಿದು ಹುರಿದು ಕಪ್ಪಾಗಿಸಿದ ಮರಳು
ಬುಟ್ಟಿ ಲೆಕ್ಕದಲ್ಲಿ ನಲವತ್ತೊಂದು.
ಇಪ್ಪತ್ತು ನಿಮಗೆ, ಇಪ್ಪತ್ತು ನಮಗೆ.
ಉಳಿದ ಒಂದಕ್ಕೆ ಇಬ್ಬರೂ ಕೈ ಹಾಕಿದರು.

ಆ ಸಂಜೆಯೇ ನಮ್ಮ ನಿಕಾಹ್ ಮಾತು ಮುರಿಯಿತು.
ಚೀಲ ಹೊಲಿಯುತ್ತ ಕೂತಿದ್ದೆ ನಾನು.
ದಬ್ಬಳ ಬೆರಳಿಗೆ ಚುಚ್ಚಿದ್ದು
ಕಾಟನ್ ಮಿಲ್ಲಿನ ಕೂಗು ನಿಂತ ಮೇಲೆ ಗೊತ್ತಾಯಿತು.
ನೀನು ಅಂಗಳದಾಚೆ ನಿಂತಿದ್ದೆ, ದಸ್ತಗೀರ,
ಒಂದು ಮಾತೂ ಆಡದೆ.
ಮರುವಾರ ನಡುವೆ ಗೋಡೆ ಎದ್ದಿತು,
ಅದರ ಸಿಮೆಂಟಿನ ಖರ್ಚೂ ಅರ್ಧರ್ಧ.

ರಾಣೆಬೆನ್ನೂರಿಗೆ ಸೊಸೆಯಾಗಿ ಹೋದೆ.
ಅದರ ಕತೆ ಹೇಳುವಷ್ಟಿಲ್ಲ.
ಅರಳದ ಕಾಳನ್ನು ಜರಡಿ ಒಂದು ಮೂಲೆಗೆ ತಳ್ಳುತ್ತದಲ್ಲ,
ಹಾಗೆ ಆರು ವರ್ಷ.
ಆಮೇಲೆ ಒಂದು ಟ್ರಂಕು ಹಿಡಿದು ಭಟ್ಟಿಗೇ ಬಂದೆ.
ಅಬ್ಬಾನ ಕೆಮ್ಮು ಅವರನ್ನು ಮೂಲೆಗೆ ಕೂರಿಸಿದಾಗ
ನಾನೇ ಬಾಣಲೆಗೆ ನಿಂತೆ.
ಹೆಂಗಸಿನ ಕೈಯ ಮಂಡಕ್ಕಿಯೇ ಎಂದು ಮೂಗು ಮುರಿದ ದಲ್ಲಾಳಿ
ಈಗ ಬೆಳಗಿನ ಐದಕ್ಕೆ ಬಾಗಿಲಲ್ಲಿರುತ್ತಾನೆ.
ಅಕ್ಕಿಗೆ ಎಷ್ಟು ಉಪ್ಪುನೀರು ಕುಡಿಸಬೇಕೆಂದು
ಕೈ ಹೇಳುತ್ತದೆ, ನಾನು ಕೇಳುತ್ತೇನೆ.

ಗೋಡೆಯಾಚೆ ನಿಮ್ಮ ಒಲೆ ಆರಿ ನಾಲ್ಕು ವರ್ಷ.
ನೀನು ಲಾರಿ ಹತ್ತಿದೆಯಂತೆ, ಮದುವೆಯಾದೆಯಂತೆ,
ಆಕೆ ಕಾಮಾಲೆಯಲ್ಲಿ ಹೋದಳಂತೆ.
ನಿನ್ನ ಅಂತೆಗಳೆಲ್ಲ ಹೊಟ್ಟಿನ ಹೊಗೆಯ ಜೊತೆ
ಗೋಡೆ ಹತ್ತಿ ಇಳಿದು ಬರುತ್ತಿದ್ದವು,
ನಾನು ಸೆರಗಿನಿಂದ ಕಣ್ಣೊರೆಸಿಕೊಂಡು ಹೊಗೆಯನ್ನು ಬೈಯುತ್ತಿದ್ದೆ.

ಮೊನ್ನೆ ಗುರುವಾರ ನೀನು
ಹೆಗಲಿಂದ ಗೋಣಿಚೀಲ ಇಳಿಸಿದೆ. ಗಡ್ಡ ಅರ್ಧ ಬೂದಿ.
"ಅಬ್ಬಾನ ಮಂಚದ ಕೆಳಗ ಇತ್ತು, ಖೈರೂ.
ಒಂದಿನಾನೂ ಒಲಿ ಮ್ಯಾಲೆ ಹಾಕ್ಲಿಲ್ಲ.
ಲೆಕ್ಕ ಚುಕ್ತಾ ಮಾಡಾಕ ಬಂದೀನಿ."
ಬಿಚ್ಚಿ ನೋಡಿದರೆ ನಲವತ್ತೊಂದನೇ ಬುಟ್ಟಿ.
ಇಪ್ಪತ್ತೆರಡು ವರ್ಷ ಬೆಂಕಿ ಕಾಣದ್ದು,
ಒಳಗೆ ಗೆದ್ದಲ ಮಣ್ಣು, ಹಲ್ಲಿಮೊಟ್ಟೆಯ ಚಿಪ್ಪು,
ಯಾರದೋ ಒಂದು ನಾಲ್ಕಾಣೆ.

ಮೊದಲು ನಗು ಬಂತು. ಆಮೇಲೆ ಸಿಟ್ಟು.
ಅಸಲು ತಂದೀಯ, ಇದರ ಬಡ್ಡಿ ಯಾರು ಕಟ್ಟುತ್ತಾರೆ?
ನೀನು ನೆಲ ನೋಡಿದೆ.
ಅವತ್ತಿನ ಹಾಗೇ ಸುಮ್ಮನಾದ ಎಂದುಕೊಂಡೆ.
"ನಾ ಕಟ್ತೀನಿ" ಅಂದೆ. "ದುಡಿದು. ಒಲಿ ಮುಂದ ಕುಂದ್ರಿಸು."

ಕನ್ನಡ ಮೇಷ್ಟ್ರು ಹೇಳಿಕೊಟ್ಟಿದ್ದರು:
ಮರಳು ಎಂದರೆ ಉಸುಕು, ಮರಳು ಎಂದರೆ ತಿರುಗಿ ಬಾ.
ಎರಡನ್ನೂ ವಾಕ್ಯದಲ್ಲಿ ಬಳಸಿ.
ನಾನು ಮೊದಲನೆಯದನ್ನಷ್ಟೇ ಬರೆದು ಎದ್ದು ಬಂದಿದ್ದೆ,
ಭಟ್ಟಿಯಲ್ಲಿ ಚೀಲ ಹೊಲಿಯುವ ಹೊತ್ತಾಗಿತ್ತು.

ಉತ್ತರ ಕೊಡಲಿಲ್ಲ. ಸೋಸಿದೆ, ಬಾಣಲೆಗೆ ಸುರಿದೆ.
ನೀನು ಹೊಟ್ಟು ಎಸೆಯುತ್ತ ಕೂತೆ.
ಮೊದಲ ಹಿಡಿ ಅಕ್ಕಿ ಮಿಸುಕಲಿಲ್ಲ.
ಎರಡನೆಯದು ಕರಕಲು.
ಉರಿ ಕಡಿಮೆ ಮಾಡು ಅಂದೆ, ಮಾಡಿದೆ.
ಅರಳಿದ ಮಂಡಕ್ಕಿಯನ್ನು ಯಾವ ಗಿರಣಿಯೂ ಮತ್ತೆ ಅಕ್ಕಿ ಮಾಡದು,
ನನಗೆ ನಲವತ್ಮೂರು,
ಚೀಲ ಹೊಲಿಯುತ್ತಿದ್ದ ಆ ಹುಡುಗಿಯನ್ನು ಇಲ್ಲಿ ಹುಡುಕಬೇಡ.
ಮರಳಿನ ಮಾತು ಬೇರೆ.
ರಾತ್ರಿಯೆಲ್ಲ ತಣ್ಣಗಾಗಿ
ಬೆಳಗಾದರೆ ಬೆಂಕಿಗೆ ಹೊಸಬನ ಹಾಗೆ ಕೂರುತ್ತದೆ.

ಏಳನೇ ಹಿಡಿಗೋ ಎಂಟನೇ ಹಿಡಿಗೋ
ಪಟಪಟ ಎಂದಿತು.
ಇಬ್ಬರೂ ಮುಖ ಎತ್ತಲಿಲ್ಲ.

ಸಂಜೆ ನೀನು ಕೈ ತೊಳೆಯುವಾಗ ಹೇಳಿದೆ:
ಕೆಲಸ ಐದಕ್ಕೆ ಶುರು.
ನಾಲ್ಕೂವರೆಗೆ ಬಂದರೆ
ಚಹಾ ಇರುತ್ತದೆ.