ಐವತ್ತಾರು ಚದರಡಿ

ಚಿಂತಾಮಣಿ ನಗರಸಭೆಯ ನೋಟೀಸಿನಲ್ಲಿ
ನಮಗೊಂದು ಮಹಡಿ ಇದೆ.
ಒಟ್ಟು ಸಾವಿರದ ನೂರ ನಲವತ್ತು ಚದರಡಿ,
ಮೇಲುಗಡೆ ಅತ್ತೆಯ ಹೆಸರು:
ಮುನಿತಾಯಮ್ಮ ಕೋಂ ಲೇಟ್ ಪಿಳ್ಳಪ್ಪ.
ಅತ್ತೆ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ
"ಮೆಟ್ಲು ಎಲ್ಲೈತೆ ಕೇಳು, ಹತ್ತಿ ನೋಡಾನ" ಅಂದರು.

ಮೇಲಿರುವುದು ನೀರಿನ ಟ್ಯಾಂಕು,
ನಾಲ್ಕು ಕಂಬಕ್ಕೆ ಕಟ್ಟಿದ ತಗಡು,
ಅದರ ಪಕ್ಕ ಸೀರೆಯ ಮೇಲೆ ಸಂಡಿಗೆ.
ಹತ್ತುವುದಕ್ಕೆ ಬಿದಿರೇಣಿ.

ರಾತ್ರಿ ಮಿಷನ್ನಿನ ಡ್ರಾಯರಿನಿಂದ ಟೇಪು ತೆಗೆದೆ.
ಐದಡಿಯದು. ಕೊರಳು ತೋಳು ಸೊಂಟ ಬಿಟ್ಟು
ಬೇರೇನನ್ನೂ ಅಳೆದದ್ದಲ್ಲ.
ಒಂದು ತುದಿ ಅತ್ತೆ, ಇನ್ನೊಂದು ನಾನು,
ಗೋಡೆಬುಡಕ್ಕೆ ಸೀಮೆಸುಣ್ಣದ ಗುರುತು:
ಉದ್ದ ಆರು ಟೇಪು,
ಅಗಲ ನಾಲ್ಕಕ್ಕೆ ಒಂದಡಿ ಕಮ್ಮಿ.
ಗುಣಿಸಿದರೆ ಐನೂರ ಎಪ್ಪತ್ತು.
ಎರಡರಷ್ಟು ಬರೆದಿದ್ದಾರೆ ಪುಣ್ಯಾತ್ಮರು.

ಮೊದಲು ಕಟ್ಟಿ, ಆಮೇಲೆ ಕೇಳಿ, ಅಂದರು ಕೌಂಟರಿನಲ್ಲಿ.
ಬ್ಲೌಸು ಬಿಗಿಯಾದರೆ
ಕೂಲಿ ಕೊಟ್ಟು ಆಮೇಲೆ ಬಿಚ್ಚಿಸುವವರು
ಯಾರಿದ್ದಾರೆ ಸಾರ್?
ಸಾಲಿನಲ್ಲಿ ಯಾರೋ ನಕ್ಕರು.
ಮೂರನೇ ಸಲಕ್ಕೆ ಅರ್ಜಿಗೆ ಸೀಲು ಬಿತ್ತು.

ಗುರುವಾರ ಕಂದಾಯದ ಆಂಜಿನಪ್ಪ ಬಂದರು.
ಉಕ್ಕಿನ ಟೇಪು, ಬಿಟ್ಟರೆ ಸರ್ರನೆ ಒಳಗೆ.
ಏಣಿ ಹತ್ತಿದರು, ತಗಡಿನಡಿ ಬಗ್ಗಿ ನಿಂತರು,
ಅರೆ ಒಣಗಿದ ಸಂಡಿಗೆ ಮುರಿದು ಬಾಯಿಗಿಟ್ಟುಕೊಂಡು
ಮಹಡಿಗೆ ಅಡ್ಡಗೀಟು ಎಳೆದರು.

ಕಟ್ಟಿದ್ದು ಯಾವಾಗ?
"ಈ ಬೀದೀಗೆ ನಲ್ಲಿ ಬಂದ ವರ್ಷ."
ಕಾಲಂ ನಾಲ್ಕು ಅಂಕಿ ಕೇಳುತ್ತಿತ್ತು.
ಹಳೆಯದಾದಷ್ಟೂ ಸವಕಳಿ, ತೆರಿಗೆ ಕಮ್ಮಿ
ಅಂತ ತಿಳಿದದ್ದೇ ತಡ
ಅತ್ತೆ ಇನ್ನೂ ಹತ್ತು ವರ್ಷ ಹಿಂದಕ್ಕೆ ಹೋದರು.

ಹೊರಡುವಾಗ ಬಾಗಿಲ ಬಳಿ ನಿಂತರು.
ಮಿಷನ್ನು. ನೇತುಹಾಕಿದ ಲಂಗ. ಫಾಲ್ಸಿನ ಸುರುಳಿಗಳು.
"ಇದು?"
ಹಿಂದಿನಿಂದ ಗಂಡ ಕಣ್ಣಲ್ಲೇ ಅಂದ: ಹಾಲ್ ಅನ್ನು, ಹಾಲ್.

ರೇಷನ್ ಕಾರ್ಡಿನಲ್ಲಿ, ಮಕ್ಕಳ ಸ್ಕೂಲಿನ ಫಾರಂನಲ್ಲಿ,
ಹದಿನಾಲ್ಕು ವರ್ಷದಿಂದ
ನನ್ನ ಹೆಸರಿನ ಮುಂದೆ ಇರುವುದು ಗೃಹಿಣಿ.

"ಅಂಗಡಿ" ಅಂದೆ.
"ಎಂಟಕ್ಕೆ ಏಳು. ನಾನೇ ಅಳೆದಿದೀನಿ."
ವಾಣಿಜ್ಯ, ಐವತ್ತಾರು ಚದರಡಿ, ಅಂತ ಬರೆದುಕೊಂಡು
"ಇದಕ್ಕೆ ರೇಟು ಜಾಸ್ತಿ ಕಣಮ್ಮ" ಅಂದರು ಮೆತ್ತಗೆ.
ಗೊತ್ತು.

ಗಂಡ ಎರಡು ದಿನ ಮಾತು ಬಿಟ್ಟ.
ರಸೀದಿ ಈಗ ಕತ್ತರಿಸುವ ಮೇಜಿನ ಗಾಜಿನಡಿ ಇದೆ,
ಅಳತೆ ಕೊಡಲು ಬಂದವರು ಓದಿಕೊಳ್ಳಲಿ ಅಂತ.

ಅತ್ತೆಯದು ಮಾತ್ರ ಒಂದೇ ಚಿಂತೆ,
ಸಂಡಿಗೆ ತಿರುವಿ ಹಾಕುತ್ತಾ ಕೇಳುತ್ತಾರೆ:
"ಆ ಮಹಡಿನ ಈಗ
ಯಾರ ಹೆಸರಿಗೆ ಬರೆದ್ರಂತೆ?"