ಐದು ಡಿಗ್ರಿ

ಇಪ್ಪತ್ತಾರು ಡಿಗ್ರಿ, ಎಂದೆ,
ಎಕ್ಸ್‌ರೇ ಮೇಲೆ ಗೆರೆ ಎಳೆದು.
ನಮ್ಮ ಮೇಲಿನ ಹುಲ್ಲುಗಾವಲೂ ಅಷ್ಟೇ ಇರಬೇಕು,
ಎಂದ ಮೈರಿಗ್, ಟೋಪಿ ತೊಡೆಯ ಮೇಲಿಟ್ಟು.

ವೇಲ್ಸಿನ ಬೆಟ್ಟದ ನಾಯಿ. ಏಳು ವರ್ಷದ ನೆಲ್.
ಕಲ್ಲುಗೋಡೆ ಹಾರಿದಾಗ ಏನೋ ಪಟ್ಟೆಂದಿತಂತೆ,
ಒಣ ಪುರಲೆ ಮುರಿದ ಹಾಗೆ.
ಆದರೂ ಕುರಿಗಳನ್ನೆಲ್ಲ ದೊಡ್ಡಿಗೆ ಸೇರಿಸಿಯೇ ಕೂತಳು,
ಮೂರು ಕಾಲಲ್ಲಿ ಬಂದು,
ನಾಲ್ಕನೆಯದನ್ನು ಬೇರೆ ಯಾರದೋ ಎಂಬಂತೆ
ಪಕ್ಕಕ್ಕೆ ಚಾಚಿ.

ಮಂಡಿಯೊಳಗೂ ಒಂದು ಗುಡ್ಡವಿದೆ, ಎಂದೆ.
ಹೆಜ್ಜೆ ಊರಿದಾಗಲೆಲ್ಲ ತೊಡೆಯೆಲುಬು
ಅದರ ಬೆನ್ನ ಮೇಲೆ ಹಿಂದಕ್ಕೆ ಜಾರುತ್ತದೆ.
ಹಿಡಿದಿಟ್ಟಿದ್ದು ಒಂದು ಹುರಿ, ಅದು ಹರಿದಿದೆ.
ಹೊಸ ಹುರಿ ಹೊಸೆಯಲು ನನಗೆ ಬರುವುದಿಲ್ಲ;
ಗುಡ್ಡವನ್ನೇ ತುಸು ಸಪಾಟು ಮಾಡಬಲ್ಲೆ.

ಎಷ್ಟಾಗುತ್ತದೆ?
ಹೇಳಿದೆ.
ಕಿಟಕಿಯಾಚೆ ನೋಡುತ್ತ ತುಟಿಯಲ್ಲೇ ಎಣಿಸಿದ,
ಹಣವನ್ನಲ್ಲ, ಕುರಿಗಳನ್ನು.
ಇಪ್ಪತ್ತರ ಮೇಲೆ ಎರಡು, ಎಂದು ನಿಂತ.
ಮೇಜು ಹಿಡಿದು ಏಳುವಾಗ
ಅವನ ಮಂಡಿಯೂ ಕಟಕಟ ಎಂದಿತು.
ನಿಮ್ಮದು?
ಸರತಿಯಲ್ಲಿದೆ. ಎರಡು ವರ್ಷವಾಯಿತು.
ಕಾಗದ ಹಾಕುತ್ತಾರಂತೆ.

ಗುರುವಾರ. ಕೂದಲು ಬೋಳಿಸಿದ ಕಾಲು ಎಷ್ಟು ಸಣ್ಣದು!
ಬಾಗಿದ ಗರಗಸ ಎಲುಬಿಗಿಳಿದಂತೆ
ಹೆಲೆದ್ ನೀರು ಹನಿಸುತ್ತಲೇ ಇದ್ದಳು;
ಆದರೂ ಕಮಟು ವಾಸನೆ.
ಕೊಯ್ದ ನೆತ್ತಿಯನ್ನು ಕಮಾನಿನಗುಂಟ ತಿರುಗಿಸಿದೆ,
ಒಂಬತ್ತು ಮಿಲಿಮೀಟರು.
ಉಕ್ಕಿನ ಪಟ್ಟಿ. ಆರು ತಿರುಪು.
ಐದು ಡಿಗ್ರಿ.
ಹೆಬ್ಬೆರಳಿಂದ ಒತ್ತಿದೆ. ಜಾರಲಿಲ್ಲ.
ಮತ್ತೊಮ್ಮೆ ಒತ್ತಿದೆ, ಸುಮ್ಮನೆ, ನನ್ನ ಸಂತೋಷಕ್ಕೆ.

ಎಂಟು ವಾರ ಓಟವಿಲ್ಲ, ಜಿಗಿತವಿಲ್ಲ.
ಕೊಟ್ಟಿಗೆ ಬಿಟ್ಟು ಮಲಗದವಳು
ಅಡುಗೆಮನೆಯ ಪಂಜರದಲ್ಲಿ, ಒಲೆಯ ಪಕ್ಕ.
ಮೈರಿಗ್ ಸೀಟಿ ಹಾಕುವುದನ್ನೇ ಬಿಟ್ಟ:
ಕೇಳಿದರೆ ಪಂಜರ ಹೊತ್ತಾದರೂ ಎದ್ದುಬರುವವಳು.
ಎರಡು ಕಣಿವೆ ದಾಟುತ್ತಿದ್ದ ಸದ್ದು ಬಾಯಲ್ಲೇ ಉಳಿಯಿತು.
ಆಚೆ ಕಣಿವೆಯ ವಿಧವೆ ಫೋನು ಮಾಡಿ ಕೇಳಿದಳಂತೆ,
ಬದುಕಿದ್ದೀಯೇನಯ್ಯ?
ಕೋಲು ಹಿಡಿದು ತಾನೇ ಕುರಿಗಳ ಹಿಂದೆ ಓಡಿದನಂತೆ,
ಓಡಿದ ಅಂದರೆ ಕುಂಟಿದ.
ಕುರಿಗಳು ಮೇಯುವುದು ಬಿಟ್ಟು ನಿಂತು ನೋಡಿದವಂತೆ.

ಎಲುಬು ಕೂಡಿದೆ, ಎಂದೆ, ಹೊಸ ಎಕ್ಸ್‌ರೇ ತೋರಿಸಿ.
ಅಂಗಳದ ಜಲ್ಲಿಯ ಮೇಲೆ ನೆಲ್‌ನ ನಾಲ್ಕೂ ಪಾದ
ನೆಲ ಕಂಡವು.
ಹಗ್ಗ ಬಿಚ್ಚಿ ಅವನು ಬೆರಳು ಬಾಯಿಗಿಟ್ಟು
ನನ್ನತ್ತ ನೋಡಿದ, ಬಾಲಕನ ಹಾಗೆ.
ಮೆಲ್ಲಗೆ, ಎಂದೆ.

ಊದಿದ್ದು ಓಡು ಎಂಬ ಸೀಟಿಯಲ್ಲ,
ಮಲಗು ಎಂಬುದು.
ಕೆಸರನ್ನೂ ನೋಡದೆ ಬಿದ್ದಳು, ಬೆಟ್ಟಕ್ಕೆ ಮುಖ ಮಾಡಿ.
ಹಿಂಗಾಲು ಪಕ್ಕಕ್ಕೆ ಚಾಚಲಿಲ್ಲ,
ಮಡಿಚಿ ಮೈಯಡಿ ಸೇರಿತು.

ಒಳ್ಳೆಯ ಹುಡುಗಿ, ಎನ್ನುತ್ತ
ಹಗ್ಗ ಕಟ್ಟಲು ಬಗ್ಗಿದ ಮೈರಿಗ್.
ಏಳಲು ನನ್ನ ಭುಜ ಬೇಕಾಯಿತು.